ಮೈಕು ಹುಡುಕುವ ಯಂತ್ರ

ಮನೆಯಲ್ಲೆಲ್ಲೋ ಮೈಕು ಬಚ್ಚಿಟ್ಟಿದ್ದಾರೆ. ಶಶಿಪ್ರಭಾಳಿಗೆ ಅದರಲ್ಲಿ ಅನುಮಾನವೇ ಉಳಿದಿರಲಿಲ್ಲ.

ಇಲ್ಲದಿದ್ದರೆ ಮಸ್ಕತ್‌ನ ಹೋಟೆಲಿನಲ್ಲಿ ದುಡಿಯುವ ಗಂಡ ಭೋಜನಿಗೆ ಫರಂಗಿಪೇಟೆಯ ಮನೆಯ ಮಾತು ಗೊತ್ತಾಗುವುದಾದರೂ ಹೇಗೆ? ಮಾಣಿ ಎಂಬ ಊರಿನ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸಂದರ್ಶನವಿದ್ದದ್ದನ್ನು ಅವಳು ಫೋನಿನಲ್ಲಿ ತಂಗಿಗೆ ಮಾತ್ರ ಹೇಳಿದ್ದಳು. ಹೊರಡುವ ಹೊತ್ತಿಗೆ ಸರಿಯಾಗಿ ಅವನ ಫೋನು. "ಮಾಣಿಗೆ ಹೋಗುವುದು ಬೇಡ ಪ್ರಭಾ. ಅಮ್ಮನನ್ನು ಯಾರು ನೋಡುವುದು?"

ತಾನು ತುಟಿ ಬಿಚ್ಚಿಲ್ಲವೆಂದು ತಂಗಿ ಆಣೆ ಹಾಕಿದಳು. ಮನೆಯಲ್ಲಿ ಇನ್ನಿರುವುದು ಅತ್ತೆ ಒಬ್ಬರು. ಪಾಪ, ಹೋದ ವರ್ಷದ ಜ್ವರದಲ್ಲಿ ಅವರ ಕಿವಿ ಪೂರ್ತಿ ಹೋಗಿತ್ತು. ಊಟಕ್ಕೆ ಕರೆಯಲೂ ಕೈಸನ್ನೆ. ಮಗ ಅವರ ಮೊಬೈಲಿಗೆ ವಿಡಿಯೋ ಕಾಲ್ ಮಾಡಿದರೆ ಮುಖ ನೋಡಿ ಕೈ ಬೀಸುವುದಷ್ಟೆ.

ಈಗ ಮೂಡುಬಿದಿರೆಯ ಶಾಲೆಯಿಂದ ಕರೆ ಬಂದಿತ್ತು. ಇದೂ ತಪ್ಪಿದರೆ ಬಿ.ಎಡ್. ಓದಿದ್ದು ನೀರಿನಲ್ಲಿ ಹೋಮ.

ಹಾಗಾಗಿ ಅವಳು ಭಾನುವಾರ ಭಾನುವಾರ ಮೆಲ್ಕಾರಿನ ವರ್ಕ್‌ಶಾಪಿಗೆ ಹೋಗತೊಡಗಿದಳು. ಅಂಗಡಿಗಳ ಮೇಲಿನ ಒಂದು ಕೋಣೆಯಲ್ಲಿ ಊರವರು ಸೇರಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದರು. ಯಾರೂ ಯಾರಿಗೂ ಮಾಡಿಕೊಡುವ ಹಾಗಿಲ್ಲ, ತನಗೆ ಬೇಕಾದ್ದನ್ನು ತಾನೇ ಬೆಸೆದುಕೊಳ್ಳಬೇಕು. ಅದು ಅಲ್ಲಿಯ ಕಟ್ಟಳೆ. ಬೆರಳು ಸುಟ್ಟುಕೊಂಡು ಶಶಿಪ್ರಭಾ ಯಂತ್ರವೊಂದನ್ನು ಮಾಡಿದಳು. ಕರೆ ಬರುತ್ತಿರುವ ಫೋನಾಗಲಿ, ಗುಟ್ಟಿನ ಮೈಕಾಗಲಿ, ಹತ್ತಿರದಲ್ಲಿ ಮಾತು ಹೊರಗೆ ಕಳಿಸುವುದು ಯಾವುದಿದ್ದರೂ ಅದು ಸುಳಿವು ಕೊಡುತ್ತದೆ.

"ಸುಳಿವಿಗೆ ಲೈಟ್ ಹಾಕುವುದಾ, ಬಜರ್ ಹಾಕುವುದಾ?" ಕಲಿಸುವ ಸ್ವರ್ಣಲತಾ ಕೇಳಿದರು. "ಲೈಟಾದರೆ ಬೇರೆಯವರಿಗೆ ಗೊತ್ತಾಗುವುದಿಲ್ಲ."

"ಬಜರೇ ಇರಲಿ ಮೇಡಂ. ಮಂಚದಡಿ ಕೈ ಹಾಕುವಾಗ ಲೈಟ್ ಯಾರು ನೋಡ್ತಾರೆ? ಮನೆಯಲ್ಲಿ ಕಿವಿ ಕೇಳುವವಳು ನಾನೊಬ್ಬಳೇ."

ಸಂದರ್ಶನದ ಹಿಂದಿನ ದಿನ ತನ್ನ ಫೋನನ್ನು ಅಂಗಳದಲ್ಲಿಟ್ಟು ಮನೆಯೆಲ್ಲ ಜಾಲಾಡಿದಳು. ಮಂಚದಡಿ, ಫ್ಯಾನು, ದೇವರ ಕೋಣೆ, ಭೋಜ ಕಳಿಸಿದ ಗಡಿಯಾರ, ಒಂದನ್ನೂ ಬಿಡಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಸೊಸೆಯ ಕುಣಿತ ನೋಡುತ್ತಿದ್ದರು. ಯಂತ್ರ ಚಕಾರ ಎತ್ತಲಿಲ್ಲ.

ಅಬ್ಬ! ಎದೆಯ ಭಾರ ಇಳಿಯಿತು. ಯಂತ್ರ ಬಂದ್ ಮಾಡಿ, ಫೋನು ತಂದು, ಅತ್ತೆಯ ಪಕ್ಕದಲ್ಲೇ ಕಾಲು ಚಾಚಿ ಕೂತು ತಂಗಿಗೆ ಕರೆ ಮಾಡಿದಳು. "ನಾಳೆ ಬೆಳಿಗ್ಗೆ ಮೂಡುಬಿದಿರೆಗೆ ಹೋಗ್ತೇನೆ ಮಾರಾಯ್ತಿ. ಇವರು ಫೋನ್ ಮಾಡಿ ಕೇಳಿದರೆ ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು ಅಂತ ಹೇಳುವುದು. ಕೆಲಸ ಸಿಕ್ಕಿದ ಮೇಲೆ ಯಾರು ತಡೀತಾರೆ ನೋಡುವ!"

ಮಾತು ಮುಗಿದರೂ ಸಂಶಯದ ಬುದ್ಧಿ ಸುಮ್ಮನಿರಬೇಕಲ್ಲ. ಫೋನನ್ನು ಮತ್ತೆ ಹೊರಗಿಟ್ಟು ಬಂದು, ಕೊನೆಯದಾಗಿ ಒಮ್ಮೆ ಯಂತ್ರದ ಗುಂಡಿ ಒತ್ತಿದಳು.

ಪೀಂ!

ಟಿವಿಯ ಕಡೆ ಹಿಡಿದರೆ ಸದ್ದು ಇಳಿಯಿತು. ಅತ್ತೆಯ ಕುರ್ಚಿಯ ಕಡೆ ತಿರುಗಿಸಿದರೆ ಏರಿತು. ಬಗ್ಗಿ ಕುರ್ಚಿಯಡಿ ತಡಕಾಡುವಷ್ಟರಲ್ಲಿ ಅತ್ತೆಯ ಮಡಿಲಿನ ಮೊಬೈಲು ರಿಂಗಾಯಿತು. ಥತ್, ಇದಾ! ಅವಳಿಗೆ ನಗು ಬಂತು.

"ಅದನ್ನೊಮ್ಮೆ ಬಂದ್ ಮಾಡು ಮಾರಾಯ್ತಿ," ಎಂದರು ಅತ್ತೆ, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾ. "ಆ ಪೀಂಪೀಂನಲ್ಲಿ ಭೋಜ ಹೇಳುವುದು ಏನೂ ಕೇಳುವುದಿಲ್ಲ."