ಮಸ್ಸೂರಿಯಲ್ಲಿ ಸಿಕ್ಕ ತಮ್ಮ

ರೋಪ್‌ವೇ ತೊಟ್ಟಿಲು ನೆಲ ಬಿಟ್ಟು ಮೇಲೆದ್ದದ್ದೇ ತಡ, ಅನಂತರಾಜು ಕಣ್ಣು ಮುಚ್ಚಿ ಪಕ್ಕದಲ್ಲಿದ್ದವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

“ಕೆಳೀಕ್ ನೋಡ್ಬ್ಯಾಡ ಅಣ್ಣ. ಎದುರ್ಗಿರೋ ಬೆಟ್ಟ ನೋಡ್ತಾ ಇರು.”

ಮಸ್ಸೂರಿಯಲ್ಲಿ ತನ್ನೂರಿನ ಮಾತು! ಕಣ್ಣು ಬಿಟ್ಟರೆ, ಹಿಡಿದಿದ್ದದ್ದು ತಮ್ಮ ಕೆಂಪರಾಜುವಿನ ತೋಳು. ಬೈರಾಪಟ್ಟಣದಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಬೋರ್‌ವೆಲ್ ನೀರಿನ ಸರದಿಗೆ ಜಗಳವಾಗಿ ಮಾತು ನಿಂತು ವರ್ಷಗಳೇ ಕಳೆದಿದ್ದವು. ಅನಂತರಾಜು ಊರಿನ ಹಾಲಿನ ಡೇರಿಯವರ ಜೊತೆ ಟೂರ್ ಬಂದಿದ್ದ. ಅವರೆಲ್ಲ ಕೆಂಪ್ಟಿ ಜಲಪಾತ ನೋಡಲು ಹೋಗಿದ್ದರು. ಮಂಡಿ ನೋವಿನಿಂದ ಮೆಟ್ಟಿಲು ಇಳಿಯಲಾರದೆ ಇವನೊಬ್ಬ ರೋಪ್‌ವೇಯಲ್ಲಿ ಗನ್ ಹಿಲ್ ಬೆಟ್ಟಕ್ಕೆ ಹೊರಟಿದ್ದ. ಕೆಂಪರಾಜು ಭಾವಮೈದನ ಜೊತೆ ಹರಿದ್ವಾರಕ್ಕೆ ಬಂದವನು, ಹಾಗೇ ಇಲ್ಲಿಗೂ ಬಂದು, ಅವನನ್ನು ಮಾಲ್ ರೋಡಿನಲ್ಲಿ ಬಿಟ್ಟು ಒಬ್ಬನೇ ಕ್ಯೂ ನಿಂತಿದ್ದ. ಅಲ್ಲಿ ಅಣ್ಣನನ್ನು ಕಂಡೂ ಸುಮ್ಮನಿದ್ದ. ಜನ ಹತ್ತಿಸುವವನಿಗೆ ಅದೆಲ್ಲ ಏನು ಗೊತ್ತು? ಇಬ್ಬರನ್ನೂ ಒಂದೇ ತೊಟ್ಟಿಲಿಗೆ ತಳ್ಳಿದ್ದ.

ತೋಳು ಬಿಟ್ಟುಬಿಡಬೇಕು ಎನಿಸಿತು ಅನಂತರಾಜುವಿಗೆ. ಕೆಳಗೆ ಮಾಲ್ ರೋಡಿನ ಅಂಗಡಿಗಳು ಬೆಂಕಿಪೊಟ್ಟಣದಷ್ಟಾಗಿದ್ದವು. ಬಿಡಲಿಲ್ಲ.

ಬೆಟ್ಟದ ಮೇಲೆ ಒಬ್ಬ ದುರ್ಬೀನು ಇಟ್ಟುಕೊಂಡು ಮೋಡ ಸರಿಯುವುದನ್ನೇ ಕಾಯುತ್ತಿದ್ದ. ಮೋಡ ಸರಿದರೆ ಹಿಮದ ಸಾಲು ಕಾಣುತ್ತದಂತೆ. ಕೆಂಪರಾಜು ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳ ತಂದು, ಮುರಿದು ಅರ್ಧ ಅಣ್ಣನಿಗೆ ಕೊಟ್ಟ. ಇಬ್ಬರೂ ಕಟ್ಟೆಯ ಮೇಲೆ ಕೂತು ತಿಂದರು.

“ಅವ್ವ ಹೆಂಗವ್ಳೆ?” ಕೆಂಪರಾಜು ಕೇಳಿದ.

ಅವ್ವ ಇರುವುದು ಅನಂತರಾಜುವಿನ ಮನೆಯಲ್ಲಿ. ದಿನಾ ಗೋಡೆಯಾಚೆ ಅವಳ ಕೆಮ್ಮು ಕೇಳಿಸಿಕೊಳ್ಳುವವನು ಇಷ್ಟು ದೂರ ಬಂದು ಕೇಳುತ್ತಿದ್ದಾನೆ.

“ಕಣ್ಣು ಒಸಿ ಮಂಜಾಗ್ಬುಟ್ಟವೆ. ಯಾರ್ ಬಾಗ್ಲಿಗೆ ಬಂದ್ರೂ ‘ಕೆಂಪನಾ?’ ಅಂತಾಳೆ.”

ಕೆಂಪರಾಜು ಮುಖ ಆಚೆ ತಿರುಗಿಸಿದ. “ನಂದೂ ತಪ್ಪೈತೆ ಕಣಣ್ಣ.”

“ನಿಂದೇನ್ಲಾ ತಪ್ಪು? ಅವತ್ತು ನಿನ್ ಸರದೀಲಿ ನೀರು ಹಾಯೋ ಹೊತ್ನಲ್ಲಿ ಮೋಟ್ರು ಆಫ್ ಮಾಡ್ದೋನು ನಾನಲ್ವಾ?”

ಇಷ್ಟು ಸುಲಭವಾಗಿ ಹೇಳಬಹುದಾಗಿದ್ದ ಮಾತು! ಅನಂತರಾಜುವಿಗೇ ಆಶ್ಚರ್ಯವಾಯಿತು. ಅಷ್ಟರಲ್ಲಿ ದುರ್ಬೀನಿನವನು ಕೂಗಿದ. ಮೋಡ ಹರಿದು, ದೂರದಲ್ಲಿ ಬೆಳ್ಳಗೆ, ಹಿಮ ನಿಂತಿತ್ತು. “ನೀನ್ ನೋಡ್ಲಾ ಮೊದ್ಲು” ಎಂದು ತಮ್ಮನನ್ನು ಮುಂದೆ ದಬ್ಬಿದ.

ಇಳಿಯುವಾಗ ಅನಂತರಾಜು ಹೇಳಿದ: “ಊರ್ಗೆ ಬಂದ್ಮೇಲೆ ಮನೆತಾವ್ಕೆ ಬಾ. ಅವ್ವನ ಮುಂದೆ ಕುಂತು ಉಣ್ಣೋವ.”

“ಬತ್ತೀನಿ. ನಾಕ್ ಜನದ ಮುಂದೆ ಒಂದ್ಸಲ ನೀನು ಕರಿ ಸಾಕು. ಅವತ್ತು ನಾಕ್ ಜನದ ಮುಂದೇನೇ ಅಲ್ವಾ ಮನೆತಾವ್ಕೆ ಬರಬ್ಯಾಡ ಅಂತ ನೀನಂದಿದ್ದು?”

“ಕರೀದೆ ಇರ್ತೀನಾ?”

ಅನಂತರಾಜು ಮೊದಲು ಊರು ಸೇರಿದ. ಕೆಂಪರಾಜು ಬಂದಿಳಿದ ಸಂಜೆ ಅಣ್ಣ ಡೇರಿಯ ಜಗುಲಿಯ ಮೇಲೆ ಜೊತೆಯವರೊಂದಿಗೆ ಕೂತಿದ್ದ. ಜಗಳದ ದಿನ ಅವನ ಬೆನ್ನಿಗೆ ನಿಂತವರು ಅವರೇ. ಕೆಂಪರಾಜು ಬ್ಯಾಗು ಹಿಡಿದು ನೆಟ್ಟಗೆ ಜಗುಲಿಯ ಎದುರಿಗೇ ಬಂದು ನಿಂತ. ಅವನ ಮುಖದಲ್ಲಿ ನಗು ಮೂಡುತ್ತಿತ್ತು. ಅನಂತರಾಜುವಿನ ನಾಲಿಗೆಯ ತುದಿಗೆ ‘ಕೆಂಪ’ ಎಂಬ ಹೆಸರು ಬಂದಿತ್ತು.

“ಇದೇನಣ್ಣೋ,” ಪಕ್ಕದಲ್ಲಿದ್ದ ಪ್ರಕಾಶ್ ಎಂದ, “ನಿನ್ ತಮ್ಮ ದಾರಿ ತಪ್ಪಿ ಇಲ್ಬಂದು ನಿಂತವ್ನೆ?”

ಎಲ್ಲರೂ ನಕ್ಕರು. ಅನಂತರಾಜುವೂ ನಕ್ಕುಬಿಟ್ಟ.

ಯಾಕೆ ನಕ್ಕೆ ಎಂದು ಅವನಿಗೇ ತಿಳಿಯಲಿಲ್ಲ. ತಲೆ ಎತ್ತುವಷ್ಟರಲ್ಲಿ ತಮ್ಮನ ಬೆನ್ನು ಕಂಡಿತು. ಕೂಗಿದ್ದರೂ ಕೇಳುವಷ್ಟು ದೂರದಲ್ಲೇ ಇದ್ದ. ಕೂಗಲಿಲ್ಲ. ಮಾತು ಹಾಲಿನ ರೇಟಿಗೆ ಹೊರಳಿತು. ಸ್ವಲ್ಪ ಹೊತ್ತಿಗೆ ಅದೇ ಬೀದಿಯ ಆಚೆ ತುದಿಯಲ್ಲಿ ಕೆಂಪರಾಜುವಿನ ಮನೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ರಾತ್ರಿ ಊಟಕ್ಕೆ ಕೂತಾಗ ಅವ್ವ ಮುನಿಯಮ್ಮ ಮಗನ ಪಕ್ಕಕ್ಕೆ ಸರಿದು ಬಂದಳು. ಅವನ ಮುಖ ಕಾಣಿಸೀತೇ ಎಂದು ಹತ್ತಿರ ಬಾಗಿದಳು.

“ಕೆಂಪನೂ ಅದೇ ಊರ್ಗೋಗಿದ್ನಂತಲ್ಲ ಮಗ. ಕಣ್ಗೇನಾದ್ರೂ ಬಿದ್ನಾ?”

ಅನಂತರಾಜು ಕೈಯಲ್ಲಿದ್ದ ತುತ್ತನ್ನು ಸಾರಿನಲ್ಲಿ ಹೊರಳಿಸುತ್ತಲೇ ಇದ್ದ.

“ಇಲ್ಲ ಕಣವ್ವ,” ಎಂದ. “ಬಾಳ ದೊಡ್ಡೂರು ಅದು.”