ಬೇರೆಯವರ ಕೈಯ ಸೌಟು

ದೊಡ್ಡ ಆನ್‌ಲೈನ್ ಅಂಗಡಿಯೊಂದು ಗಿರಾಕಿಗಳ ರುಚಿಯನ್ನು ಕದ್ದು ತಿಳಿದುಕೊಂಡು, ಎಲ್ಲರ ಮಾಲಿಗಿಂತ ಮೇಲೆ ತನ್ನ ಮಾಲನ್ನೇ ತೋರಿಸುತ್ತದೆ ಎಂದು ವಾದಿಸಿ ಗೆದ್ದ ವಕೀಲೆಯನ್ನು ಬಡಾವಣೆಯ ಮಹಿಳಾ ಸಮಾಜದವರು ಪಾಯಸ ಸ್ಪರ್ಧೆಗೆ ತೀರ್ಪುಗಾರರನ್ನಾಗಿ ಕರೆದರು.

ಬಡಿಸಲು ನಿಂತವರು ಸಮಾಜದ ಅಧ್ಯಕ್ಷೆ ಪಂಕಜಮ್ಮ. ಸ್ಪರ್ಧೆಯಲ್ಲಿ ಅವರ ಪಾಯಸವೂ ಇತ್ತು. ಅದೇ ಮೊದಲು ಬಂತು, ಬಿಸಿಬಿಸಿಯಾಗಿ, ಲೋಟದ ತುಂಬ. ಉಳಿದವರ ಪಾಯಸಗಳು ಹಿಂದಿನ ಮೇಜಿನ ಮೇಲೆ ಆರುತ್ತಿದ್ದವು.

"ನಿಮಗೆ ಏಲಕ್ಕಿ ಸ್ವಲ್ಪ ಜಾಸ್ತಿನೇ ಬೇಕಂತಲ್ಲ. ನಿಮ್ಮ ಅಡುಗೆಯವರನ್ನ ಮೊದಲೇ ಕೇಳಿಟ್ಟುಕೊಂಡಿದ್ದೆ," ಎಂದರು ಪಂಕಜಮ್ಮ.

ವಕೀಲೆಗೆ ಖುಷಿಯೋ ಖುಷಿ. ವರ್ಷಗಟ್ಟಲೆ ವಾದಿಸಿದ ಕೇಸು ಲೋಟದೊಳಗೇ ಬಂದು ಕೂತಿತ್ತು.

"ಪಂಕಜಮ್ಮನೋರೇ, ಸ್ಪರ್ಧೆಗೆ ನಿಂತವರು ಬಡಿಸೋ ಹಾಗಿಲ್ಲ. ಸೌಟನ್ನ ನಿಮ್ಮ ಮನೆಯವರಲ್ಲದೋರಿಗೆ ಕೊಡಿ. ಎಲ್ಲಾರದೂ ಬಿಸಿ ಮಾಡಿ ಮೊದಲಿಂದ ಶುರು ಮಾಡೋಣ."

ಪಂಕಜಮ್ಮ ಕೂಡಲೇ ಒಪ್ಪಿದರು. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳನ್ನು ಕರೆದು ಸೌಟು ಕೊಟ್ಟರು.

"ಈಕೆ ನಿಮಗೇನಾಗಬೇಕು?" ವಕೀಲೆ ಬಿಡಲಿಲ್ಲ.

"ನಮ್ಮನೆಯೋಳಲ್ಲ ಮೇಡಂ. ಅವಳ ಮನೆ ಬೇರೆ, ಊರು ಬೇರೆ, ಅಪ್ಪ ಅಮ್ಮ ಬೇರೆ. ಬೇಕಾದ್ರೆ ಇಲ್ಲಿರೋ ಯಾರನ್ನಾದ್ರೂ ಕೇಳಿ."

ಹೆಂಗಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ನ್ಯಾಯ ಇಷ್ಟು ಸಲೀಸಾಗಿ ನಡೆದದ್ದನ್ನು ವಕೀಲೆ ಕಂಡಿರಲೇ ಇಲ್ಲ. ಪಾಯಸಗಳೆಲ್ಲ ಮತ್ತೆ ಬಿಸಿಯಾಗಿ ಬಂದವು. ಅವರು ಹಿಗ್ಗಿನಿಂದ ಲೋಟ ಚಾಚಿದರು. ಹುಡುಗಿ ನಾಚುತ್ತಲೇ ಅಂಚಿನವರೆಗೆ ತುಂಬಿದಳು.

"ಮೊದಲು ಇದನ್ನ ಕುಡೀರಿ ಮೇಡಂ," ಎಂದಳು. "ಬರೋ ತಿಂಗಳು ನನಗೆ ಅತ್ತೆ ಆಗೋರು ಮಾಡಿದ್ದು."