ಗುವಾಹಟಿಗೆ ಮೂರು ತಾಸು

"ಮೂರು ತಾಸು ಅಂದ್ರ ಮೂರೇ ತಾಸೇನು?" ಎಂದು ಬೆನ್ನ ಹಿಂದಿನಿಂದ ಅಪ್ಪ ಪಾಲಾಕ್ಷಪ್ಪ ಕೇಳಿದಾಗ ಅಂಜಿನಕ್ಕ ಬೆಚ್ಚಿದಳು. ತಂಗಿ ರೋಜಾ ಅವನ ಮಾತು ಮೀರಿ ಗುವಾಹಟಿಯ ಹುಡುಗನನ್ನು ಮದುವೆಯಾದ ಮೇಲೆ ಅಪ್ಪ ಆ ಊರಿನ ಹೆಸರನ್ನೇ ಎತ್ತಿರಲಿಲ್ಲ. ಯಾರಾದರೂ ವಿಚಾರಿಸಿದರೆ, "ಆಕಿ ಬಾಳ ದೂರ ಅದಾಳ, ಹೋಗಿ ಬರಾಕ ಆಗಂಗಿಲ್ಲ" ಎಂದು ಮಾತು ಮುಗಿಸುತ್ತಿದ್ದ. ರೋಜಾಗೆ ಹೆಣ್ಣುಮಗು ಹುಟ್ಟಿದೆಯೆಂದು ಬೆಳಿಗ್ಗೆ ಫೋನ್ ಬಂದಿತ್ತು. ಬಾಣಂತನಕ್ಕೆ ತಾನೊಬ್ಬಳೇ ಹೊರಡಲೆಂದು ಅಂಜಿನಕ್ಕ ಮೊಬೈಲಿನಲ್ಲಿ ದಾರಿ ಹುಡುಕುತ್ತ, ಕಂಡದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

"ಹೂನಪ್ಪ. ಬೆಂಗಳೂರಿಂದ ಎರಡು ಸಾವಿರ ಕಿಲೋಮೀಟರ್. ವಿಮಾನದಾಗ ಮೂರು ತಾಸು."

"ನಮ್ಮ ಕಾನಹೊಸಹಳ್ಳಿಯಿಂದ ಬೆಂಗಳೂರಿಗೇ ಬಸ್ಸಿನಾಗ ಐದು ತಾಸು ಹಿಡಿತೈತಲ್ಲ!" ಅವನು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಮೊಬೈಲಿನ ನಕ್ಷೆಯಲ್ಲಿ ಎರಡು ಊರುಗಳ ನಡುವೆ ಎಳೆದಿದ್ದ ಗೆರೆಯನ್ನು ಬೆರಳಿನಿಂದ ಮುಟ್ಟಿದ. ಕುರಿ ಹೊಡೆದುಕೊಂಡು ಜಿಲ್ಲೆ ಜಿಲ್ಲೆ ನಡೆದವನಿಗೆ ನಂಬಿಕೆಯೇ ಬರಲೊಲ್ಲದು. "ನಡುವೆ ಎಲ್ಲೂ ನಿಲ್ಲಂಗಿಲ್ಲೇನು? ಹೊಳಿ, ಗುಡ್ಡ ಬಂದ್ರ?"

"ಎಲ್ಲಾ ಕೆಳಗ ಉಳಿತಾವಪ್ಪ."

ಅವನ ಬೆರಳು ಗೆರೆಯ ತುದಿಯಲ್ಲಿ ನಿಂತಿತು. "ಇಷ್ಟು ಸಮೀಪ ಇತ್ತೇನು" ಎಂದು ತನ್ನಷ್ಟಕ್ಕೇ ಅಂದುಕೊಂಡು, ಎದ್ದು ಒಳಗೆ ಹೋದ. ಹಳೆಯ ಸಿಟ್ಟು ಮರಳಿತೇನೋ ಎಂದು ಅಂಜಿನಕ್ಕ ಬಾಗಿಲಿನತ್ತ ತಿರುಗಿದಳು. ಒಳಗೆ ಪೆಟ್ಟಿಗೆ ತೆರೆದ ಸದ್ದಾಯಿತು. ಹೊರಬಂದ ಅಪ್ಪನ ತೋಳಿನ ಮೇಲೆ ಹೊಸ ಕರಿಕಂಬಳಿಯಿತ್ತು.

"ಕೂಸಿಗೆ ಬೆಚ್ಚಗಿರತೈತಿ" ಎಂದ. "ಟಿಕೀಟು ಎರಡು ತಗಸವ್ವ. ಇಮಾನದಾಗ ಕಂಬಳಿ ಒಯ್ಯಾಕ ಬಿಡ್ತಾರೋ ಇಲ್ಲೋ, ಅದನ್ನೂ ಕೇಳು."